ಐದು ಅಡಿ ಅಗಲ, ಹತ್ತು ಗಂಟೆಯೊಳಗೆ

ಶಿಕಾಗೋದಲ್ಲಿ ದೊಡ್ಡ ಹಿಮ ಬಿದ್ದು ಎರಡು ದಿನವಾದ ಮೇಲೆ, ಬೆಳಿಗ್ಗೆ ಎಂಟರ ಹೊತ್ತಿಗೆ, ಮನೆಗಳಿರುವ ಯಾವ ಬೀದಿಯ ಮೂಲೆಯಲ್ಲಾದರೂ ಹತ್ತು ನಿಮಿಷ ನಿಂತು ನೋಡಿ. ನಡುರಸ್ತೆ ಆಗಲೇ ಕಪ್ಪಗೆ ಒಣಗಿರುತ್ತದೆ, ಕಾರುಗಳು ಎಂದಿನ ವೇಗದಲ್ಲೇ ಓಡುತ್ತಿರುತ್ತವೆ. ಫುಟ್‌ಪಾತ್ ಮಾತ್ರ ಮನೆಗೊಂದು ಬಗೆ. ಮೊದಲ ಮನೆಯ ಮುಂದೆ ಬೇಲಿಯಿಂದ ಹುಲ್ಲಿನ ಪಟ್ಟಿಯವರೆಗೆ ಕಾಂಕ್ರೀಟಿನ ಗೆರೆ ಕಾಣುವಷ್ಟು ಚೊಕ್ಕಟ. ಎರಡನೆಯದರ ಮುಂದೆ ಒಂದು ಸಲಿಕೆ ಹಿಡಿಯುವಷ್ಟು ಅಗಲದ ಓಣಿ. ಮೂರನೆಯ ಮನೆಯವರು ಊರಲ್ಲಿಲ್ಲವೋ, ಹುಷಾರಿಲ್ಲವೋ, ಮನೆಯೇ ಖಾಲಿಯೋ, ಅಲ್ಲಿ ಹಿಮವನ್ನು ಯಾರೂ ಮುಟ್ಟಿಲ್ಲ. ಓಡಾಡುವವರು ತುಳಿದು ತುಳಿದು, ಮಧ್ಯಾಹ್ನದ ಬಿಸಿಲಿಗೆ ಒಂದಿಷ್ಟು ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಉತ್ತು ಬಿಟ್ಟ ಹೊಲದ ಹೆಂಟೆಗಳಂತೆ ಗಡುಸಾಗಿದೆ.

ಅಷ್ಟರಲ್ಲಿ ವಾಕರ್ ಹಿಡಿದು ಒಬ್ಬರು ಅಜ್ಜಿ ಬರುತ್ತಾರೆ. ಮೊದಲ ಮನೆ ದಾಟುವುದು ಅವರಿಗೆ ಕಷ್ಟವಲ್ಲ. ಎರಡನೆಯ ಮನೆಯ ಓಣಿಯಲ್ಲಿ ವಾಕರಿನ ನಾಲ್ಕು ಕಾಲು ಹಿಡಿಸುವುದಿಲ್ಲ. ಅದನ್ನು ಓರೆಯಾಗಿ ತಿರುಗಿಸಿ, ಒಂದು ಕಾಲನ್ನು ಹಿಮದ ಮೇಲೆಯೇ ಎಳೆದುಕೊಂಡು ಸಾಗುತ್ತಾರೆ. ಮೂರನೆಯದರ ಮುಂದೆ ಹೆಂಟೆಯಿಂದ ಹೆಂಟೆಗೆ ವಾಕರ್ ಎತ್ತಿಡಬೇಕು. ಅದನ್ನೂ ದಾಟಿ ಮೂಲೆಗೆ ಬಂದರೆ, ರಸ್ತೆಗೆ ಇಳಿಯುವ ಇಳಿಜಾರಿನ ಬಾಯಿಗೆ ಮೊಣಕಾಲೆತ್ತರದ ಬೂದು ಬಣ್ಣದ ಬದು ಅಡ್ಡ ಬಿದ್ದಿದೆ. ಅದು ರಸ್ತೆಯ ಹಿಮ ಬಳಿಯುವ ಪ್ಲೌ ಲಾರಿ ಪಕ್ಕಕ್ಕೆ ತಳ್ಳಿ ಹೋದ ಹಿಮ, ಈಗ ಕಲ್ಲಾಗಿದೆ. ಅಜ್ಜಿ ನಿಂತು ಆಚೆ ಈಚೆ ನೋಡುತ್ತಾರೆ. ಮತ್ತೆ ಅದೇ ಹೆಂಟೆಗಳ ಮೇಲೆ ಹಿಂದಕ್ಕೆ ಬಂದು, ಗ್ಯಾರೇಜುಗಳ ಹಿತ್ತಿಲ ಓಣಿ ರಸ್ತೆಗೆ ಸೇರುವಲ್ಲಿ ಕೆಳಗಿಳಿದು, ಕಾರುಗಳು ಓಡುವ ದಾರಿಯಲ್ಲೇ ಅಂಚು ಹಿಡಿದು ನಡೆಯುತ್ತಾರೆ.

ಈ ಊರಲ್ಲಿ ಚಳಿಗಾಲಕ್ಕೆ ಸರಾಸರಿ 38 ಇಂಚಿನಷ್ಟು ಹಿಮ ಬೀಳುತ್ತದೆ. ಆ ಮೂರು ನಾಲ್ಕು ತಿಂಗಳು ನೆರೆಹೊರೆಯಲ್ಲಿ ನಡೆಯುವ ಮುನಿಸು, ಬಾಗಿಲಿಗೆ ಅಂಟಿಸುವ ಚೀಟಿ, ನಗರದ ದೂರು ಸಂಖ್ಯೆ 311ಕ್ಕೆ ಹೋಗುವ ಫೋನು ಎಲ್ಲದಕ್ಕೂ ಮೂಲ ಒಂದೇ ಎಂದು ನನಗನ್ನಿಸುತ್ತದೆ. ಮನೆಮುಂದಿನ ಹಿಮವನ್ನು ಆಯಾ ಮನೆಯವರೇ ತೆಗೆಯಬೇಕೆಂಬ ನಗರದ ನಿಯಮವು ಫುಟ್‌ಪಾತನ್ನು ಒಂದೊಂದು ಮನೆಯ ಮುಂಭಾಗ ಎಂದು ತುಂಡು ತುಂಡಾಗಿ ನೋಡುತ್ತದೆ. ನಡೆಯುವವರಿಗೆ ಮಾತ್ರ ಅದು ಮನೆಯಿಂದ ಬಸ್ ಸ್ಟಾಪಿನವರೆಗಿನ ಒಂದೇ ದಾರಿ. ನಡುವೆ ಒಂದು ತುಂಡು ಕೆಟ್ಟರೆ ಆ ದಾರಿಯೇ ಇಲ್ಲದ ಹಾಗೆ.

ನಮ್ಮ ಕಡೆ ಬೆಳಗಾಗೆದ್ದು ಮನೆಮುಂದೆ ಗುಡಿಸಿ ನೀರು ಹಾಕಿ ರಂಗೋಲಿ ಇಡುವವರಿಗೆ ಈ ನಿಯಮದ ಹಿಂದಿರುವ ಭಾವನೆ ಹೊಸದಲ್ಲ. ಮನೆಮುಂದಿನ ಜಾಗ ಮನೆಯವರದೇ ಹೊಣೆ. ಆದರೆ ಪಕ್ಕದ ಮನೆಯವರು ಒಂದು ದಿನ ರಂಗೋಲಿ ಇಡದಿದ್ದರೆ ದಾರಿಹೋಕರ ಸೊಂಟ ಮುರಿಯುವುದಿಲ್ಲ.

ಕಾಗದದ ಮೇಲಿನ ಲೆಕ್ಕ

ನಗರದ ಕಾನೂನು ಚಿಕ್ಕದು, ಸ್ಪಷ್ಟವೂ ಹೌದು. ಬೆಳಿಗ್ಗೆ 7ರಿಂದ ಸಂಜೆ 7ರ ನಡುವೆ ಬಿದ್ದ ಹಿಮವನ್ನು ಅದೇ ರಾತ್ರಿ 10ರೊಳಗೆ ತೆಗೆಯಬೇಕು. ಸಂಜೆ 7ರ ನಂತರ ಬಿದ್ದದ್ದನ್ನು ಮರುದಿನ ಬೆಳಿಗ್ಗೆ 10ರೊಳಗೆ. ವಾರದ ಏಳೂ ದಿನ, ಹಬ್ಬ ಭಾನುವಾರ ಎಂಬ ವಿನಾಯಿತಿ ಇಲ್ಲ. ಹಾದಿ ಕನಿಷ್ಠ 5 ಅಡಿ ಅಗಲವಿರಬೇಕು. ಮೂಲೆಮನೆಯವರು ಎರಡೂ ಬದಿಯ ಫುಟ್‌ಪಾತನ್ನೂ, ರಸ್ತೆ ದಾಟಲು ಇಳಿಯುವ ಇಳಿಜಾರನ್ನೂ ಬಿಡಿಸಬೇಕು. ತೆಗೆದ ಹಿಮವನ್ನು ರಸ್ತೆಗೋ ಪಕ್ಕದವರ ಜಾಗಕ್ಕೋ ಸುರಿಯುವಂತಿಲ್ಲ. ತಪ್ಪಿದರೆ ದಿನಕ್ಕೆ 50ರಿಂದ 500 ಡಾಲರ್ ದಂಡ.

ಹೊಸದಾಗಿ ಬಂದ ನಮ್ಮವರು ಇಲ್ಲಿ ಒಂದು ಮಾತು ಗಮನಿಸಬೇಕು. ಕಾನೂನು ಮಾಲೀಕರನ್ನು ಮಾತ್ರ ಹೆಸರಿಸುವುದಿಲ್ಲ. ಬಾಡಿಗೆದಾರರು, ವಾಸವಿರುವವರು, ಕಟ್ಟಡದ ಉಸ್ತುವಾರಿ ಹೊತ್ತವರು ಎಲ್ಲರನ್ನೂ ಸೇರಿಸಿ ಹೇಳುತ್ತದೆ. ಎರಡು ಮೂರು ಮನೆಗಳಿರುವ ಕಟ್ಟಡದಲ್ಲಿ ಕೆಳಗಿನವರು ಮೇಲಿನವರತ್ತ, ಮೇಲಿನವರು ಮಾಲೀಕರತ್ತ ಕೈತೋರಿಸುತ್ತ ಬೆಳಿಗ್ಗೆ 10 ದಾಟುವುದು ಇದೇ ಕಾರಣಕ್ಕೆ. ಬಾಡಿಗೆ ಕರಾರಿಗೆ ಸಹಿ ಹಾಕುವಾಗಲೇ ಸ್ನೋ ಎತ್ತುವುದು ಯಾರ ಕೆಲಸ, ಸಲಿಕೆ ಮತ್ತು ಉಪ್ಪು ಯಾರ ಖರ್ಚು ಎಂದು ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು. ಸಬರ್ಬ್‌ಗಳಲ್ಲಿ ಸಂಘಕ್ಕೆ ತಿಂಗಳ ಹಣ ಕಟ್ಟುವ ಟೌನ್‌ಹೌಸಿನವರಿಗೆ ಗುತ್ತಿಗೆದಾರರು ಬಂದು ತೆಗೆದು ಹೋಗುವುದುಂಟು. ಅಲ್ಲಿಂದ ನಗರದೊಳಗೆ ಬಂದವರಿಗೆ ಇದೆಲ್ಲ ಮೊದಲ ಜನವರಿಯಲ್ಲೇ ಗೊತ್ತಾಗುವುದು.

ಬೇರೆ ಊರುಗಳ ಲೆಕ್ಕ ಬೇರೆ. ಬಾಸ್ಟನ್‌ನಲ್ಲಿ ಹಿಮ ನಿಂತ ಮೂರು ಗಂಟೆಯೊಳಗೆ 42 ಇಂಚಿನ ಹಾದಿ ಆಗಬೇಕು; ರಾತ್ರಿ ನಿಂತಿದ್ದರೆ ಸೂರ್ಯೋದಯದಿಂದ ಮೂರು ಗಂಟೆ. ಮಿನಿಯಾಪೊಲಿಸ್‌ನಲ್ಲಿ ಒಂಟಿ ಮನೆಗೆ 24 ಗಂಟೆ, ಅಂಗಡಿ ಮತ್ತು ಅಪಾರ್ಟ್‌ಮೆಂಟಿಗೆ ಹಗಲಿನ ನಾಲ್ಕೇ ಗಂಟೆ. ಅಲ್ಲಿ ಅಡಿಗಳ ಲೆಕ್ಕವಿಲ್ಲ, ಪೂರ್ತಿ ಅಗಲ ಬರಿ ಕಾಂಕ್ರೀಟ್ ಕಾಣಬೇಕು. ತೆಗೆಯದಿದ್ದರೆ ನಗರವೇ ಗುತ್ತಿಗೆದಾರರನ್ನು ಕಳಿಸಿ ತೆಗೆಸಿ ಮನೆಯವರಿಗೆ ಬಿಲ್ ಹಾಕುತ್ತದೆ. ಬರೀ ದಂಡ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ ಎಂದು ನನ್ನ ಅಭಿಪ್ರಾಯ. ದಂಡದಿಂದ ಹಿಮ ಕರಗುವುದಿಲ್ಲ. ಗುತ್ತಿಗೆದಾರರು ಬಂದರೆ ಕೊನೆಪಕ್ಷ ದಾರಿಯಾಗುತ್ತದೆ.

ಐದು ಅಡಿ ಎಂದರೆ ಎಷ್ಟು ಕಿಲೋ

ಐದು ಅಡಿ ಸುಮ್ಮನೆ ಬಂದ ಅಂಕಿಯಲ್ಲ. ಎರಡು ವೀಲ್‌ಚೇರುಗಳು ಒಂದನ್ನೊಂದು ದಾಟಿ ಹೋಗಲು 60 ಇಂಚು ಬೇಕು. ಅವಳಿ ಮಕ್ಕಳ ತಳ್ಳುಗಾಡಿಯ ಎದುರಿಗೆ ಒಬ್ಬರು ಬಂದರೂ ಅಷ್ಟೇ ಬೇಕು. ಅಗಲದ ಬಗ್ಗೆ ಗೊಣಗುವವರಿಗೆ ಇದೇ ಉತ್ತರ. ಹಾಗೆಂದು ಅವರ ಕಷ್ಟವೂ ಸುಳ್ಳಲ್ಲ, ಲೆಕ್ಕ ಹಾಕಿ ನೋಡಬೇಕು.

ಶಿಕಾಗೋದ ಹಳೆಯ ಬಡಾವಣೆಗಳಲ್ಲಿ ನಿವೇಶನದ ಮುಂಭಾಗ ಸಾಮಾನ್ಯವಾಗಿ 25 ಅಡಿ. ಐದು ಅಡಿ ಅಗಲಕ್ಕೆ 125 ಚದರ ಅಡಿ. ಆರು ಇಂಚು ಹಿಮ ಬಿದ್ದರೆ 62 ಘನ ಅಡಿಯಷ್ಟಾಯಿತು. ಜನವರಿಯ ಒಣ ಹಿಮ, ಹತ್ತಿಂಚು ಕರಗಿದರೆ ಒಂದಿಂಚು ನೀರಾಗುವಂಥದ್ದು, ಇಷ್ಟಕ್ಕೆ ಸುಮಾರು 175 ಕಿಲೋ ತೂಗುತ್ತದೆ. ಮಾರ್ಚಿನ ಒದ್ದೆ ಹಿಮ ಐದಿಂಚಿಗೇ ಒಂದಿಂಚು ನೀರು. ಅದೇ ಜಾಗದಿಂದ 350 ಕಿಲೋ ಎತ್ತಬೇಕು. ಮೂಲೆಮನೆಗೆ ಉದ್ದನೆಯ ಬದಿಯೂ ಸೇರುತ್ತದೆ. ಅದು 125 ಅಡಿ, ಅಂದರೆ ಆರು ಮನೆಗಳ ಕೆಲಸ ಒಂದೇ ಮನೆಯ ತಲೆಗೆ. ಮೂಲೆಮನೆಯ ಎಪ್ಪತ್ತು ದಾಟಿದ ದಂಪತಿಗೂ, ನಡುಮನೆಯ ಮೂವತ್ತರ ಹುಡುಗನಿಗೂ ಕೊಟ್ಟಿರುವ ಗಡುವು ಒಂದೇ, ಹತ್ತು ಗಂಟೆ.

ಸಲಿಕೆಯ ಅಗಲ 18 ಇಂಚಾದರೆ ಐದು ಅಡಿಗೆ ನಾಲ್ಕು ಸಾಲು ಎಳೆಯಬೇಕು. ಒಂದೇ ಸಾಲು ಎಳೆದು ಬಿಟ್ಟವರ ಹಾದಿ ಒಂದೂವರೆ ಅಡಿಯ ಓಣಿಯಾಗುವುದು ಹೀಗೆ. ಎತ್ತುವುದಕ್ಕಿಂತ ತಳ್ಳುವುದು ಲೇಸು. ನಡುವಿನಿಂದ ಎರಡೂ ಬದಿಗೆ ಓರೆಯಾಗಿ ತಳ್ಳುತ್ತ ಹೋದರೆ ಎತ್ತುವ ಕೆಲಸ ಅರ್ಧಕ್ಕಿಳಿಯುತ್ತದೆ. ಹಿಮ ಎಂಟಿಂಚು ಮೀರುವ ಮುನ್ಸೂಚನೆ ಇದ್ದರೆ ನಿಲ್ಲುವವರೆಗೆ ಕಾಯಬಾರದು. ಮೂರು ನಾಲ್ಕು ಇಂಚಿಗೊಮ್ಮೆ ಹೊರಗೆ ಬಂದು ತಳ್ಳಿಬಿಡಬೇಕು. ಕಾದವರಿಗೆ ಅಡಿಯ ಪದರ ತನ್ನ ಭಾರಕ್ಕೇ ಒತ್ತಿ ಕಾಂಕ್ರೀಟಿಗೆ ಹಿಡಿದುಕೊಂಡಿರುತ್ತದೆ. ಒದ್ದೆ ಹಿಮ ಸಲಿಕೆಗೆ ಅಂಟಿಕೊಂಡು ಬಿಡದಿದ್ದರೆ ಅದರ ಮುಖಕ್ಕೆ ಸಿಲಿಕೋನ್ ಸ್ಪ್ರೇ ಹೊಡೆಯಬೇಕು, ಇಲ್ಲವಾದರೆ ಮೇಣದ ಬತ್ತಿಯಿಂದ ಉಜ್ಜಿದರೂ ಆದೀತು. ಎಸೆಯುವಾಗ ಸೊಂಟ ತಿರುಚಬಾರದು, ಪಾದವನ್ನೇ ತಿರುಗಿಸಬೇಕು.

ಹೃದಯದ ವಿಷಯ ಇಲ್ಲಿ ಹೇಳಲೇಬೇಕು. ಪ್ರತಿ ಚಳಿಗಾಲವೂ ಹಿಮ ಎತ್ತುತ್ತಲೇ ಕುಸಿದು ಬೀಳುವವರಿದ್ದಾರೆ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ವರ್ಷ ವರ್ಷವೂ ಎಚ್ಚರಿಸುತ್ತದೆ. ಚಳಿಗೆ ರಕ್ತನಾಳಗಳು ಕಿರಿದಾಗುತ್ತವೆ. ಕಾಲಿಗಿಂತ ತೋಳಿನ ಕೆಲಸ ಹೃದಯದ ಮೇಲೆ ಹೆಚ್ಚು ಒತ್ತಡ ಹಾಕುತ್ತದೆ. ಭಾರ ಎತ್ತುವಾಗ ನಮಗೆ ಗೊತ್ತಿಲ್ಲದೆಯೇ ಉಸಿರು ಬಿಗಿಹಿಡಿಯುತ್ತೇವೆ, ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ವರ್ಷವಿಡೀ ಕೂತು ಕೆಲಸ ಮಾಡುವ ಐವತ್ತು ದಾಟಿದವರು ಗಡುವಿನ ಅವಸರಕ್ಕೆ ಬಿದ್ದು ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ಹೋಗಿ 350 ಕಿಲೋ ಎತ್ತುವುದು ಒಳ್ಳೆಯದಲ್ಲ. ಹದಿನೈದು ನಿಮಿಷಕ್ಕೊಮ್ಮೆ ಒಳಗೆ ಬನ್ನಿ. ಎದೆ ಬಿಗಿದರೆ, ದವಡೆಯೋ ಎಡತೋಳೋ ನೋಯ್ದರೆ ಸಲಿಕೆ ಅಲ್ಲೇ ಬಿಟ್ಟು 911ಕ್ಕೆ ಫೋನ್ ಮಾಡಿ. ಊರಿಂದ ಬಂದಿರುವ ಅಪ್ಪ ಮಾವಂದಿರು ಸುಮ್ಮನೆ ಕೂರಲು ಮನಸ್ಸಿಲ್ಲದೆ ಸಲಿಕೆ ಕೈಗೆತ್ತಿಕೊಂಡರೆ ದಯವಿಟ್ಟು ಇಸಿದುಕೊಳ್ಳಿ.

ಹಿಮ ಎಳೆದು ದೂರ ಎಸೆಯುವ ಸ್ನೋ ಬ್ಲೋವರ್ ಇದ್ದರೆ ಬದುಕು ಸುಲಭ, ಆದರೆ ಯಂತ್ರ ನೋಡಿ ಕೊಳ್ಳಬೇಕು. ರಬ್ಬರ್ ಅಲಗಿನ ಸಣ್ಣ ಯಂತ್ರ ನೆಲ ಮುಟ್ಟಿ ಗುಡಿಸುತ್ತದೆ, ಫುಟ್‌ಪಾತಿಗೆ ಅದೇ ಸರಿ. 21 ಇಂಚಿನದಾದರೆ ಮೂರು ಸಾಲಿಗೆ ಐದು ಅಡಿ ಮುಗಿಯುತ್ತದೆ. ಪ್ಲೌ ತಳ್ಳಿದ ಗಟ್ಟಿ ಬದುವನ್ನು ಅದು ಕಡಿಯಲಾರದು. ದೊಡ್ಡ ಯಂತ್ರ ಕಡಿಯುತ್ತದೆ, ಆದರೆ ಕೆಳಗಿನ ಆಸರೆ ಬಿಲ್ಲೆಗಳ ಮೇಲೆ ಓಡುವುದರಿಂದ ನೆಲದ ಮೇಲೆ ಒಂದು ತೆಳು ಪದರ ಉಳಿಸಿಹೋಗುತ್ತದೆ. ಅದನ್ನು ಹಿಂದೆಯೇ ಕೆರೆಯದಿದ್ದರೆ ರಾತ್ರಿ ಗಾಜಾಗುತ್ತದೆ. ಯಂತ್ರದ ಬಾಯಿ ಕಟ್ಟಿಕೊಂಡಾಗ ಎಂಜಿನ್ ಆರಿಸಿದ ಮೇಲೂ ಕೈ ಹಾಕಬೇಡಿ. ಸಿಕ್ಕಿಕೊಂಡ ಹಿಮ ಬಿಡುತ್ತಲೇ ಒಳಗಿನ ರೆಕ್ಕೆ ಒಂದು ಸುತ್ತು ಚಿಮ್ಮುತ್ತದೆ, ಬೆರಳು ಹೋಗಲು ಅಷ್ಟು ಸಾಕು. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಕೋಲು ಇರುವುದು ಇದಕ್ಕೇ.

ಮೂಲೆಯ ಬದು ಯಾರದು

ಈಗ ಆ ಅಜ್ಜಿಯನ್ನು ತಡೆದ ಬದುವಿಗೆ ಬರೋಣ. ಪ್ಲೌ ಲಾರಿಯ ಅಲಗು ಬಲಕ್ಕೆ ಓರೆಯಾಗಿರುತ್ತದೆ, ರಸ್ತೆಯ ಹಿಮವೆಲ್ಲ ಬಲಬದಿಯ ಅಂಚಿಗೆ ಸರಿಯುತ್ತದೆ. ಲಾರಿ ಮೂಲೆಯಲ್ಲಿ ತಿರುಗುವಾಗ ಅಲಗಿನಲ್ಲಿದ್ದದ್ದು ಇಳಿಜಾರಿನ ಬಾಯಿಗೇ ಸುರಿಯುತ್ತದೆ. ಅದು ಆಕಾಶದಿಂದ ಬಿದ್ದ ಹಗುರ ಹಿಮವಲ್ಲ. ಚಕ್ರಕ್ಕೆ ಸಿಕ್ಕಿ, ಉಪ್ಪು ಮಣ್ಣು ಬೆರೆತು, ಅಲಗಿನಲ್ಲಿ ಒತ್ತಿ ಗಾಳಿಯೆಲ್ಲ ಹೊರಟುಹೋದದ್ದು. ಅಷ್ಟೇ ಗಾತ್ರದ ಹೊಸ ಹಿಮಕ್ಕಿಂತ ಹಲವು ಪಟ್ಟು ಭಾರ. ಒಂದು ರಾತ್ರಿ ಬಿಟ್ಟರೆ ಸಲಿಕೆಯಲ್ಲ, ಹಾರೆಯೇ ಬೇಕು.

ಇದರ ಮೇಲೆ ಹೊತ್ತಿನ ತೊಡಕು. ಲಾರಿಗಳು ಮೊದಲು ಲೇಕ್ ಶೋರ್ ಡ್ರೈವ್ ಮತ್ತು ದೊಡ್ಡ ರಸ್ತೆಗಳನ್ನು ಮುಗಿಸಿ, ಆಮೇಲೆ ಮನೆಗಳಿರುವ ಬೀದಿಗೆ ಬರುತ್ತವೆ. ಮೂಲೆಮನೆಯವರು ಕಾನೂನಿಗೆ ಗೌರವ ಕೊಟ್ಟು ಬೆಳಿಗ್ಗೆ 10ರೊಳಗೆ ಇಳಿಜಾರು ಬಿಡಿಸಿರುತ್ತಾರೆ. ಮಧ್ಯಾಹ್ನ ಎರಡಕ್ಕೆ ಲಾರಿ ಬಂದು ಮುಚ್ಚಿಹೋಗುತ್ತದೆ. ಅವರು ಆಗ ಕೆಲಸದಲ್ಲಿರುತ್ತಾರೆ. ಸಂಜೆ ಆರಕ್ಕೆ ಬಂದು ನೋಡುವಷ್ಟರಲ್ಲಿ ಬದು ಗಟ್ಟಿಯಾಗಿದೆ. ಮಾಡಿದ ಕೆಲಸ ಮಣ್ಣುಪಾಲು, ಮೇಲೆ ಯಾರೋ ಫೋಟೋ ತೆಗೆದು ದೂರು ಕೊಟ್ಟಿದ್ದಾರೆ. ಆ ಮನೆಯವರ ಸಿಟ್ಟು ನ್ಯಾಯವಾದದ್ದು. ಬದು ಕಟ್ಟಿದ್ದು ನಗರದ ಲಾರಿ, ಒಡೆಯಬೇಕಾದದ್ದು ಮನೆಯವರು.

ಇನ್ನು ಯಾರ ಮನೆಮುಂದೆಯೂ ಅಲ್ಲದ ಜಾಗಗಳಿವೆ. ಖಾಲಿ ನಿವೇಶನದ ಮಾಲೀಕರು ಇನ್ನಾವುದೋ ರಾಜ್ಯದಲ್ಲಿರುತ್ತಾರೆ. ರೈಲ್ವೆ ಕೆಳಸೇತುವೆಯ ಫುಟ್‌ಪಾತ್, ನದಿಯ ಸೇತುವೆ, ನಡುರಸ್ತೆಯಲ್ಲಿ ಪಾದಚಾರಿ ನಿಲ್ಲುವ ದ್ವೀಪ, ಬಸ್ ಸ್ಟಾಪಿನಿಂದ ರಸ್ತೆಯಂಚಿಗೆ ಇರುವ ನಾಲ್ಕು ಹೆಜ್ಜೆ. ಬಸ್ ಚಾಲಕರು ರ‍್ಯಾಂಪ್ ಇಳಿಸಿದರೂ ಅದು ಹಿಮದ ಗುಡ್ಡೆಯ ಮೇಲೆ ಕೂತರೆ ವೀಲ್‌ಚೇರಿನವರು ಹತ್ತುವುದು ಎಲ್ಲಿಂದ? ಅಂಗವಿಕಲರ ಹಕ್ಕಿನ 1990ರ ಕಾನೂನಿನಡಿ ಇರುವ ನಿಯಮ, ಇಂಥ ದಾರಿಗಳನ್ನು ಬಳಸುವ ಸ್ಥಿತಿಯಲ್ಲಿಡುವುದು ಸರ್ಕಾರಿ ಸಂಸ್ಥೆಗಳ ಕರ್ತವ್ಯ ಎನ್ನುತ್ತದೆ. ಅಲ್ಲೊಮ್ಮೆ ಇಲ್ಲೊಮ್ಮೆ ಆಗುವ ತಾತ್ಕಾಲಿಕ ಅಡಚಣೆಗೆ ಮಾತ್ರ ವಿನಾಯಿತಿ. ಹಿಮ ಬಿದ್ದಾಗಲೆಲ್ಲ ಅದೇ ಮೂಲೆ ವಾರಗಟ್ಟಲೆ ಮುಚ್ಚಿಕೊಂಡರೆ ಅದನ್ನು ತಾತ್ಕಾಲಿಕ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಿತ್ತಿಲ ಓಣಿಗಳಿಗೆ ನಗರ ಪ್ಲೌ ಕಳಿಸುವುದಿಲ್ಲ, ಅದಕ್ಕೆ ಕಾರಣವಿದೆ. ಓಣಿ ಕಿರಿದು, ತಳ್ಳಿದ ಹಿಮ ಗ್ಯಾರೇಜಿನ ಬಾಗಿಲಿಗೇ ಒತ್ತಿಕೊಳ್ಳುತ್ತದೆ. ಕಸದ ಲಾರಿ ಓಡಾಡಿ ಬಿದ್ದ ಎರಡು ಗಾಲಿಜಾಡೇ ಅಲ್ಲಿನ ದಾರಿ.

ಕುರ್ಚಿ ಇಟ್ಟು ಕಾಯ್ದ ಜಾಗ

ಇದೇ ಬೀದಿಗಳಲ್ಲಿ ಇನ್ನೊಂದು ನೋಟ ಕಾಣಸಿಗುತ್ತದೆ. ಕಾರು ಅಗೆದು ತೆಗೆದ ಜಾಗದಲ್ಲಿ ಎರಡು ಮಡಚುವ ಕುರ್ಚಿ, ನಡುವೆ ಒಂದು ಹಲಗೆ. ಇಲ್ಲಿಯವರು ಇದನ್ನು ಡಿಬ್ಸ್ ಎನ್ನುತ್ತಾರೆ. ನಾನು ಅಗೆದ ಜಾಗ, ನಾನು ಬರುವವರೆಗೆ ಬೇರೆಯವರು ಕಾರು ನಿಲ್ಲಿಸಬಾರದು ಎಂದರ್ಥ. ಕಾನೂನಿನ ಪ್ರಕಾರ ಸಾರ್ವಜನಿಕ ರಸ್ತೆಯನ್ನು ಹೀಗೆ ಹಿಡಿದಿಟ್ಟುಕೊಳ್ಳುವಂತಿಲ್ಲ. ಬಾಸ್ಟನ್ ಇದಕ್ಕೆ ಒಂದು ಮಿತಿ ಹಾಕಿದೆ, ಹಿಮದ ತುರ್ತುಸ್ಥಿತಿ ಮುಗಿದ 48 ಗಂಟೆಯವರೆಗೆ ಮಾತ್ರ. ಸೌತ್ ಎಂಡ್ ಬಡಾವಣೆಯಲ್ಲಿ ಅದೂ ಇಲ್ಲ. ಶಿಕಾಗೋದಲ್ಲಿ ಕೆಲವು ದಿನ ಬಿಟ್ಟು ನಗರದ ಸಿಬ್ಬಂದಿ ಬಂದು ಕುರ್ಚಿಗಳನ್ನು ಕಸದ ಲಾರಿಗೆ ಹಾಕಿಕೊಂಡು ಹೋಗುತ್ತಾರೆ.

ಡಿಬ್ಸ್ ಬಗ್ಗೆ ಜನ ಎರಡು ಪಕ್ಷವಾಗಿ ಜಗಳವಾಡುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಬೇರೆ. ಎರಡು ಗಂಟೆ ಬೆನ್ನು ಬಗ್ಗಿಸಿ ಕಾರಿನ ಜಾಗ ಅಗೆದವರು ಆ ಹಿಮವನ್ನೆಲ್ಲ ಎಸೆಯುವುದು ಎಲ್ಲಿಗೆ? ಹಲವು ಸಲ ಫುಟ್‌ಪಾತ್ ಮತ್ತು ರಸ್ತೆಯ ನಡುವಿನ ಹುಲ್ಲಿನ ಪಟ್ಟಿಗೆ. ಅದು ತುಂಬಿದರೆ ಆಗಲೇ ಗುಡಿಸಿಟ್ಟ ಫುಟ್‌ಪಾತಿನ ಮೇಲಕ್ಕೇ. ನಾವಿರುವ ಊರು ಕಾರಿಗೆ ಮೊದಲು ಜಾಗ ಮಾಡಿಕೊಡುತ್ತದೆ ಎಂದು ಎಲ್ಲರಿಗೂ ಗೊತ್ತಿದೆ, ಅದಕ್ಕೆ ತಕ್ಕಂತೆ ಸಲಿಕೆಯೂ ಓಡುತ್ತದೆ. 1979ರ ಜನವರಿಯ ಭಾರೀ ಹಿಮದಲ್ಲಿ ರಸ್ತೆಗಳು ಕಟ್ಟಿಹೋದವು. ಫೆಬ್ರವರಿ 27ರ ಪಕ್ಷದೊಳಗಿನ ಚುನಾವಣೆಯಲ್ಲಿ ಮೇಯರ್ ಮೈಕೆಲ್ ಬಿಲಾಂಡಿಕ್ ಸೋತರು, ಜೇನ್ ಬರ್ನ್ ಗೆದ್ದು ಊರಿನ ಮೊದಲ ಮಹಿಳಾ ಮೇಯರ್ ಆದರು. ರಸ್ತೆಯ ಹಿಮ ಕುರ್ಚಿ ಕೀಳಬಲ್ಲದು ಎಂಬುದು ಅಂದಿನಿಂದ ನಗರಸಭೆಗೆ ಗಟ್ಟಿಯಾಗಿ ನೆನಪಿದೆ. ಫುಟ್‌ಪಾತಿನ ಹಿಮಕ್ಕೆ ಹೆದರುವ ಕಾರಣ ಯಾವ ಮೇಯರಿಗೂ ಬಂದಿಲ್ಲ.

ಉಪ್ಪು

ಐದು ಅಡಿ ತೆಗೆದ ಮೇಲೂ ಜಾರುತ್ತದೆ ಎಂದು ಜನ ಉಪ್ಪು ಸುರಿಯುತ್ತಾರೆ, ಹೆಚ್ಚಿನವರು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು. ಹತ್ತು ಕಾಂಕ್ರೀಟ್ ಚೌಕಕ್ಕೆ 12 ಔನ್ಸಿನ ಒಂದು ಕಾಫಿ ಮಗ್ ಉಪ್ಪು ಸಾಕು. 25 ಅಡಿಯ ಮುಂಭಾಗಕ್ಕೆ ಐದೈದು ಅಡಿಯ ಐದು ಚೌಕ, ಅಂದರೆ ಅರ್ಧ ಮಗ್. ಕಾಳಿನಿಂದ ಕಾಳಿಗೆ ಒಂದೆರಡು ಇಂಚು ಬಿಟ್ಟು ಬೀಜ ಬಿತ್ತಿದ ಹಾಗೆ ಇರಬೇಕು. ಮೊದಲು ಕೆರೆದು ತೆಗೆದು ಆಮೇಲೆ ಉಪ್ಪು. ಹಿಮದ ಮೇಲೆಯೇ ಸುರಿದರೆ ಮೇಲಿನ ಪದರ ಕರಗಿ ರಾಡಿಯಾಗಿ ಅಡಿಗಿಳಿದು ರಾತ್ರಿ ಮಂಜುಗಡ್ಡೆಯಾಗುತ್ತದೆ.

ಚೀಲದ ಮೇಲೆ ಏನು ಬರೆದಿದೆ ಎಂದು ಓದಬೇಕು. ಸಾಮಾನ್ಯ ಕಲ್ಲುಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ನೆಲ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಹೆಚ್ಚು ಕೆಲಸ ಮಾಡದು. ಜನವರಿಯ ಎಷ್ಟೋ ರಾತ್ರಿಗಳು ಅದಕ್ಕಿಂತ ಕೆಳಗೇ ಇರುತ್ತವೆ. ಅಂಥ ದಿನ ಎಷ್ಟು ಸುರಿದರೂ ಕಾಳು ಕಾಳಾಗಿಯೇ ಬಿದ್ದಿರುತ್ತದೆ, ಜನ ಸಾಲಲಿಲ್ಲವೆಂದು ಇನ್ನೊಂದಿಷ್ಟು ಹಾಕುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡ್ ಮೈನಸ್ 25ರ ಆಚೆಗೂ ಕರಗಿಸುತ್ತದೆ, ಬೆಲೆ ಜಾಸ್ತಿ. ಅದಿಲ್ಲದಿದ್ದರೆ ಮರಳು ಎರಚಿದರೆ ಕಾಲಿಗೆ ಹಿಡಿತ ಸಿಗುತ್ತದೆ. ಒಣಗಿದ ಮೇಲೆ ಉಳಿದ ಕಾಳನ್ನು ಗುಡಿಸಿ ಡಬ್ಬಿಗೆ ಹಾಕಿಟ್ಟರೆ ಮುಂದಿನ ಸಲಕ್ಕಾಯಿತು. ಗುಡಿಸದಿದ್ದರೆ ಅದು ಚರಂಡಿಗೋ, ಬೇಲಿ ಪಕ್ಕದ ಮರದ ಬೇರಿಗೋ ಹೋಗುತ್ತದೆ. ನೀರಿಗೆ ಸೇರಿದ ಕ್ಲೋರೈಡನ್ನು ಮತ್ತೆ ತೆಗೆಯುವುದು ಸುಲಭವಲ್ಲ. ಹೊಸದಾಗಿ ಹಾಕಿದ ಕಾಂಕ್ರೀಟಿಗೆ ಮೊದಲ ಚಳಿಗಾಲ ಉಪ್ಪು ತಾಗಿಸಲೇಬೇಡಿ, ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಹಿಮವೇ ಬೀಳದೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಂಜುಗಡ್ಡೆ ಕಟ್ಟುತ್ತಿದ್ದರೆ ಮೇಲೆ ನೋಡಿ. ಸೂರಿನ ನೀರಿನ ಕೊಳವೆಯ ಬಾಯಿ ಫುಟ್‌ಪಾತಿಗೆ ತಿರುಗಿರುತ್ತದೆ. ಹಗಲು ಚಾವಣಿಯ ಹಿಮ ಕರಗಿ ಹರಿಯುತ್ತದೆ, ರಾತ್ರಿ ಗಾಜಿನ ಹಲಗೆಯಾಗುತ್ತದೆ. ನಾಲ್ಕು ಅಡಿ ಕೊಳವೆ ಸೇರಿಸಿ ಅಂಗಳದತ್ತ ತಿರುಗಿಸಿದರೆ ಮೂಟೆಗಟ್ಟಲೆ ಉಪ್ಪು ಉಳಿಯುತ್ತದೆ.

ತೆಗೆದರೆ ಕೇಸ್ ಬೀಳುತ್ತದಂತೆ

ಈ ಮಾತನ್ನು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಹಿಮ ಮುಟ್ಟದೆ ಬಿಟ್ಟರೆ ಅದು ದೇವರ ಕೆಲಸ, ಅರ್ಧ ತೆಗೆದು ಯಾರಾದರೂ ಜಾರಿ ಬಿದ್ದರೆ ತೆಗೆದವರ ತಪ್ಪು, ಆದ್ದರಿಂದ ಸುಮ್ಮನಿರುವುದೇ ಕ್ಷೇಮ ಎಂದು. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ವಾಸದ ಮನೆಗಳ ಮಟ್ಟಿಗೆ ಇದು ತಪ್ಪು ತಿಳಿವಳಿಕೆ. 1979ರಲ್ಲೇ ಇದಕ್ಕೆಂದು ಒಂದು ಕಾನೂನು ಬಂದಿದೆ. ಮನೆಯವರು ತಮ್ಮ ಮುಂದಿನ ಫುಟ್‌ಪಾತಿನ ಹಿಮ ತೆಗೆಯಲು ಪ್ರೋತ್ಸಾಹ ಸಿಗಬೇಕು. ತೆಗೆಯುವಾಗ ಸಣ್ಣಪುಟ್ಟ ಲೋಪವಾದರೆ ಪರಿಹಾರದ ಹೊಣೆ ಅವರ ಮೇಲೆ ಬರಬಾರದು, ಬೇಕೆಂದೇ ಅಪಾಯ ಮಾಡಿದ್ದರೆ ಮಾತ್ರ ಬರಬೇಕು ಎನ್ನುತ್ತದೆ ಅದು. ಮ್ಯಾಸಚೂಸೆಟ್ಸ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ 2010ರಲ್ಲಿ ತಾನಾಗಿ ಬಿದ್ದ ಹಿಮ, ಕೈಯಾಡಿಸಿದ ಹಿಮ ಎಂಬ ಹಳೆಯ ಭೇದವನ್ನೇ ತೆಗೆದುಹಾಕಿತು. ತಾನಾಗಿ ಬಿದ್ದು ಉಳಿದ ಹಿಮಕ್ಕೂ ಜಾಗದ ಮಾಲೀಕರು ಉತ್ತರಿಸಬೇಕಾಗಬಹುದು. ಮುಟ್ಟದೆ ಬಿಟ್ಟವರಿಗೆ ಅಲ್ಲಿ ರಕ್ಷಣೆ ಕಡಿಮೆ. ಆದ್ದರಿಂದ ನೆರೆಯವರು ಈ ನೆಪ ಹೇಳಿದರೆ ಜಗಳ ಬೇಡ, ನೀವಿರುವ ರಾಜ್ಯದ ಕಾನೂನನ್ನು ತೋರಿಸಿ ಸಮಾಧಾನವಾಗಿ ಹೇಳಿ.

ದೂರಿನ ದಾರಿ ಮಾತ್ರ ನಿಧಾನ. 311ಕ್ಕೆ ಫೋನ್ ಮಾಡಬಹುದು, ಆ್ಯಪ್‌ನಲ್ಲೂ ಹಾಕಬಹುದು. ದೂರು ದಾಖಲಾಗಿ, ತನಿಖೆಗೆ ಯಾರಾದರೂ ಬಂದು, ಜಾಗ ಯಾರದೆಂದು ಗೊತ್ತುಮಾಡಿ, ನೋಟಿಸು ಹೋಗುವಷ್ಟರಲ್ಲಿ ಎಷ್ಟೋ ಸಲ ಹಿಮ ತಾನೇ ಕರಗಿರುತ್ತದೆ. ಇನ್ನೊಂದು ಸಂಕಟವೂ ಇದೆ. ದೂರು ಕೊಡುವವರಿಗೆ ಬಾಗಿಲ ಹಿಂದೆ ಯಾರಿದ್ದಾರೆಂದು ಗೊತ್ತಿರುವುದಿಲ್ಲ. ನೂರು ಕಾರು ನಿಲ್ಲಿಸುವ ಜಾಗವನ್ನೆಲ್ಲ ಬಳಿದು ಫುಟ್‌ಪಾತ್ ಬಿಟ್ಟ ಅಂಗಡಿಗೂ, ಮಂಡಿ ಶಸ್ತ್ರಚಿಕಿತ್ಸೆಯಾಗಿ ಮಲಗಿರುವ ಒಂಟಿ ಮುದುಕರಿಗೂ ಕಾಗದ ಒಂದೇ. ಅಂಗಡಿಯ ಮೇಲೆ ದೂರು ಕೊಡಿ, ಹಿಂಜರಿಯಬೇಡಿ. ಮನೆಯಾದರೆ ಮೊದಲು ಬಾಗಿಲು ತಟ್ಟಿ ವಿಚಾರಿಸಿ. ಕೈಲಾಗದ ಹಿರಿಯರಿಗೂ ಅಂಗವಿಕಲರಿಗೂ ಸ್ವಯಂಸೇವಕರನ್ನು ಜೋಡಿಸುವ ಸ್ನೋ ಕೋರ್ ಎಂಬ ವ್ಯವಸ್ಥೆಯನ್ನು ನಗರ ನಡೆಸುತ್ತದೆ, ಅದಕ್ಕೂ 311ರಲ್ಲೇ ಕೇಳಬಹುದು. ಬರುವವರ ಸಂಖ್ಯೆ ಸ್ವಯಂಸೇವಕರನ್ನು ನಂಬಿರುವುದರಿಂದ ಹಿಮ ಬೀಳುವ ಮೊದಲೇ ಹೆಸರು ಕೊಟ್ಟಿರುವುದು ಮೇಲು.

ಯಂತ್ರ ಕಳಿಸುವ ಊರುಗಳು

ಮನೆಯವರೇ ತೆಗೆಯಬೇಕು ಎಂಬುದು ಪ್ರಕೃತಿ ನಿಯಮವೇನಲ್ಲ. ಮಾಂಟ್ರಿಯಾಲ್‌ನಲ್ಲಿ ಫುಟ್‌ಪಾತಿನ ಮೇಲೆ ನಗರದ ಕಿರಿದಾದ ಯಂತ್ರಗಳೇ ಓಡುತ್ತವೆ. ರಸ್ತೆ, ಫುಟ್‌ಪಾತ್ ಸೇರಿ ಸುಮಾರು 10,000 ಕಿಲೋಮೀಟರ್ ಅವರ ಕೆಲಸ. ದೊಡ್ಡ ಹಿಮವಾದರೆ ಬದುವನ್ನೂ ಲಾರಿಗೆ ತುಂಬಿ ಊರಾಚೆ ಸಾಗಿಸುತ್ತಾರೆ, ಮೂಲೆ ಬಿಚ್ಚಿಕೊಳ್ಳುತ್ತದೆ. ಟೊರಾಂಟೊ ಕೂಡ ಈಚಿನ ವರ್ಷಗಳಲ್ಲಿ ಬಹುಪಾಲು ಫುಟ್‌ಪಾತುಗಳಿಗೆ ಯಂತ್ರ ಕಳಿಸುತ್ತಿದೆ. ಕೆನಡಾದ ಮಾತು ಬಿಡಿ ಎನ್ನುವವರಿಗೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಇದೆ. ಹಲವು ಇಂಚು ಬಿದ್ದಾಗ ಅಲ್ಲಿ ನಗರದ ಗುತ್ತಿಗೆದಾರರು ಫುಟ್‌ಪಾತಿನ ಮೇಲೆ ಒಂದು ಸುತ್ತು ಪ್ಲೌ ಓಡಿಸುತ್ತಾರೆ. ಖರ್ಚನ್ನು ಮನೆಯ ಮುಂಭಾಗದ ಅಡಿ ಲೆಕ್ಕದಲ್ಲಿ ತೆರಿಗೆ ಬಿಲ್ಲಿಗೆ ಸೇರಿಸುತ್ತಾರೆ. ಮನೆಯವರ ಹೊಣೆ ಪೂರ್ತಿ ಹೋಗುವುದಿಲ್ಲ, ಆದರೆ 350 ಕಿಲೋ ಭಾರ ಬೆನ್ನಿನಿಂದ ಇಳಿಯುತ್ತದೆ. ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ವಾಟರ್ ಹಿಲ್ ಬಡಾವಣೆಯವರು ಚಂದಾ ಎತ್ತಿ ಸಣ್ಣ ಟ್ರ್ಯಾಕ್ಟರ್ ಕೊಂಡು ಸ್ನೋಬಡಿ ಎಂಬ ಹೆಸರಲ್ಲಿ ತಮ್ಮ ಎಲ್ಲ ಫುಟ್‌ಪಾತನ್ನೂ ತಾವೇ ತೆಗೆಯಲು ಶುರುಮಾಡಿದರು.

ಯಂತ್ರಕ್ಕೂ ತೊಡಕುಗಳಿವೆ. ಮರದ ಬೇರು ಎತ್ತಿದ ಚೌಕಕ್ಕೆ ಅಲಗು ತಾಗಿ ಜಖಂ ಆಗುತ್ತದೆ. ದೀಪದ ಕಂಬ, ಬೆಂಕಿ ನಂದಿಸುವ ನಲ್ಲಿ, ಮೆಟ್ಟಿಲು ಎಲ್ಲವನ್ನೂ ತಪ್ಪಿಸಿ ನಿಧಾನವಾಗಿ ಹೋಗಬೇಕು. ಅಲಗು ಬರಿ ಕಾಂಕ್ರೀಟಿನವರೆಗೆ ಕೆರೆಯುವುದಿಲ್ಲ, ಪದರ ಉಳಿಯುತ್ತದೆ. ಒಪ್ಪುವ ಮಾತೇ. ಆದರೂ ಅರ್ಧ ಇಂಚು ಉಳಿದ ಉದ್ದನೆಯ ದಾರಿ, ಚೊಕ್ಕಟ ಕಾಂಕ್ರೀಟಿನ ನಾಲ್ಕು ತುಂಡಿಗಿಂತ ವಾಕರ್ ಹಿಡಿದವರಿಗೆ ಹೆಚ್ಚು ಉಪಯೋಗ.

ಶಿಕಾಗೋದಲ್ಲಿ ಫುಟ್‌ಪಾತಿಗೂ ನಗರವೇ ಯಂತ್ರ ಕಳಿಸಲಿ ಎಂಬ ಬೇಡಿಕೆಯನ್ನು ಅಂಗವಿಕಲರ ಹಕ್ಕಿಗಾಗಿ ದುಡಿಯುವ ಆಕ್ಸೆಸ್ ಲಿವಿಂಗ್ ಮತ್ತು ಬೆಟರ್ ಸ್ಟ್ರೀಟ್ಸ್ ಶಿಕಾಗೋ ಸಂಸ್ಥೆಗಳು ಮುಂದಿಟ್ಟವು. 2023ರ ಜುಲೈನಲ್ಲಿ ನಗರಸಭೆ ಒಪ್ಪಿದ್ದು, ಆಯ್ದ ಕೆಲವು ಬಡಾವಣೆಗಳಲ್ಲಿ ಪ್ರಯೋಗ ಹೇಗೆ ಮಾಡಬಹುದೆಂದು ಯೋಜಿಸುವ ಒಂದು ಕಾರ್ಯತಂಡಕ್ಕೆ. ಊರಿಡೀ ಬೇಡ, ಬಸ್ ಓಡುವ ರಸ್ತೆಗಳು, ಆಸ್ಪತ್ರೆ ಶಾಲೆಗಳ ಸುತ್ತ, ಮತ್ತು ಎಲ್ಲ ಮೂಲೆಗಳು, ಇಷ್ಟನ್ನಾದರೂ ನಗರ ಮೊದಲು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಳಿದ ನಡುಮನೆಗಳ 25 ಅಡಿಯನ್ನು ನೆರೆಹೊರೆ ನೋಡಿಕೊಂಡೀತು. ಮೂಲೆಯನ್ನು ನೆರೆಹೊರೆ ಗೆಲ್ಲಲಾರದು, ಏಕೆಂದರೆ ಅಲ್ಲಿ ಎದುರಾಳಿ ಲಾರಿ.

ಅಲ್ಲಿಯವರೆಗೆ ಮೂಲೆಗೊಂದು ಒಪ್ಪಂದ ಮಾಡಿಕೊಂಡ ಬೀದಿಗಳು ಹೇಗೋ ನಿಭಾಯಿಸುತ್ತಿವೆ. ನಾಲ್ಕೈದು ಮನೆಯವರು ಸೇರಿ, ಪ್ಲೌ ಹೋದ ಮೇಲೆ ಮನೆಯಲ್ಲಿರುವವರು ಯಾರಾದರೂ ಮೂಲೆಗೆ ಹೋಗುವುದು ಎಂದು ಮಾತಾಡಿಕೊಳ್ಳುತ್ತಾರೆ. ಲಾರಿ ಹೋದ ಒಂದೆರಡು ಗಂಟೆಯೊಳಗೆ ಬದು ಇನ್ನೂ ಸಡಿಲವಿರುತ್ತದೆ, ಆಗ ಇಬ್ಬರಿಗೆ ಹತ್ತು ನಿಮಿಷದ ಕೆಲಸ. ಇಳಿಜಾರಿನ ಪೂರ್ತಿ ಅಗಲಕ್ಕೆ ಕಡಿಯಬೇಕು, ರಸ್ತೆಯ ಕಡೆಗೂ ಎರಡು ಅಡಿ ಬಿಡಿಸಬೇಕು. ಇಲ್ಲದಿದ್ದರೆ ವೀಲ್‌ಚೇರಿನ ಮುಂಗಾಲಿ ಅಲ್ಲಿಯೇ ಹೂತುಕೊಳ್ಳುತ್ತದೆ. ಕಡಿದದ್ದನ್ನು ಲಾರಿ ಬರುವ ದಿಕ್ಕಿಗೆ ಗುಡ್ಡೆ ಹಾಕಬೇಡಿ, ಮುಂದಿನ ಸುತ್ತಿನಲ್ಲಿ ಅದೇ ಹಿಮ ಮತ್ತೆ ಬಾಯಿಗೆ ಬಂದು ಬೀಳುತ್ತದೆ; ದಾಟಿಹೋಗುವ ಬದಿಯ ಹುಲ್ಲಿನ ಪಟ್ಟಿಗೆ ಎಸೆಯಿರಿ. ಇಳಿಜಾರಿನಲ್ಲಿ ದೃಷ್ಟಿಯಿಲ್ಲದವರ ಕಾಲಿಗೆ ಗೊತ್ತಾಗಲೆಂದು ಗುಬುಟುಗಳ ಫಲಕ ಕೂರಿಸಿರುತ್ತಾರೆ. ಲೋಹದ ಅಂಚಿನ ಸಲಿಕೆ ಆ ಗುಬುಟುಗಳಿಗೆ ಸಿಕ್ಕಿ ಅವು ಹಾರಿಹೋಗುತ್ತವೆ. ಅಲ್ಲಿ ಪ್ಲಾಸ್ಟಿಕ್ ಅಂಚು ಬಳಸಿ, ಸಂದಿನಲ್ಲಿ ಉಳಿದದ್ದನ್ನು ಗಡುಸು ಪೊರಕೆಯಿಂದ ಗುಡಿಸಿ. ಕೊನೆಗೆ ಪಕ್ಕದ ಚರಂಡಿಯ ಜಾಲರಿ ಎಲ್ಲಿದೆ ಎಂದು ಹುಡುಕಿ ಅದರ ಮೇಲಿನ ಹಿಮ, ಎಲೆ ಕಸ ತೆಗೆದುಬಿಡಿ. ನಾಳೆ ಬಿಸಿಲು ಬಂದರೆ ಮೂಲೆಯ ಹಿಮವೆಲ್ಲ ನೀರಾಗಿ ಇಳಿಜಾರಿನ ಬುಡದಲ್ಲೇ ನಿಲ್ಲುತ್ತದೆ, ಹೋಗಲು ದಾರಿಯಿಲ್ಲದಿದ್ದರೆ ರಾತ್ರಿಗೆ ಪಾದ ಮುಳುಗುವಷ್ಟು ಗಾಜು.